ಐರಿಷ್ ಶ್ರಮಿಕರ ಮೌಖಿಕ ಇತಿಹಾಸ

ಐರ್ಲೆಂಡಿನ ಬಂದರು, ಗಿರಣಿ, ವಠಾರಗಳಲ್ಲಿ ದುಡಿದು ಬಾಳಿದವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸುವ ಕೆಲಸ 1970ರ ದಶಕದಿಂದೀಚೆಗೆ ಬಲಗೊಂಡಿತು. ಬಾಯಿಮಾತಿನ ಸಂಗ್ರಹ ಆ ದೇಶಕ್ಕೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ಸಂಗ್ರಾಹಕರ ಗಮನ ಹೆಚ್ಚಾಗಿ ಹಳ್ಳಿಗಳ ಮೇಲಿತ್ತು.

1935ರಲ್ಲಿ ಸರ್ಕಾರದ ನೆರವಿನಿಂದ ಐರಿಷ್ ಜಾನಪದ ಆಯೋಗ ಆರಂಭವಾಯಿತು. ಜೇಮ್ಸ್ ಡೆಲಾರ್ಗಿ ಅದರ ನಿರ್ದೇಶಕರಾಗಿದ್ದರು. ಐರಿಷ್ ಭಾಷೆಯನ್ನಾಡುವ ಮುದುಕರು ತೀರಿಹೋದರೆ ಅವರ ಕಥೆಗಳೂ ಹೋಗುತ್ತವೆಂಬ ಆತಂಕ ಅದರ ಹಿಂದಿತ್ತು. ಸಂಗ್ರಾಹಕರು ಎಡಿಫೋನ್ ಯಂತ್ರ ಹೊತ್ತು ಮನೆಮನೆಗೆ ಹೋಗಿ ಮೇಣದ ಸಿಲಿಂಡರಿನ ಮೇಲೆ ಮಾತನ್ನು ಮುದ್ರಿಸಿಕೊಳ್ಳುತ್ತಿದ್ದರು. ಅದನ್ನು ಅಕ್ಷರಶಃ ಬರೆದುಕೊಂಡ ಮೇಲೆ, ಖರ್ಚು ಉಳಿಸಲು ಮೇಣವನ್ನು ಹೆರೆದು ಅದೇ ಸಿಲಿಂಡರನ್ನು ಮತ್ತೆ ಬಳಸುತ್ತಿದ್ದರು. ಹೀಗಾಗಿ ಹಲವರ ಮಾತು ಬರಹದಲ್ಲಿ ಉಳಿದರೂ ದನಿ ಉಳಿಯಲಿಲ್ಲ. 1937–39ರಲ್ಲಿ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಹಿರಿಯರನ್ನು ಕೇಳಿ ಬರೆದು ತಂದದ್ದು ಸುಮಾರು 7,40,000 ಪುಟಗಳಾಯಿತು. ಅದರಲ್ಲಿಯೂ ಹೆಚ್ಚಿನ ಪಾಲು ಹಳ್ಳಿಯ ಬದುಕಿನದೇ.

1971ರಲ್ಲಿ ಆಯೋಗದ ಕೆಲಸ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಅಲ್ಲಿನ ಜಾನಪದ ವಿಭಾಗ 1979–80ರಲ್ಲಿ ನಗರ ಜಾನಪದ ಯೋಜನೆ ಕೈಗೊಂಡು, ಟೇಪ್ ರೆಕಾರ್ಡರಿನೊಂದಿಗೆ ಡಬ್ಲಿನ್ನಿನ ಜನರ ಬಳಿ ಹೋಯಿತು. ಬೆಲ್‌ಫಾಸ್ಟಿನ ಲಿನನ್ ಗಿರಣಿಗಳ ಕುರಿತ ಅಮೆರಿಕದ ಜಾನಪದ ವಿದ್ವಾಂಸೆ ಬೆಟ್ಟಿ ಮೆಸೆಂಜರ್ ಅವರ ಪುಸ್ತಕ 1978ರಲ್ಲಿ ಹೊರಬಂದಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೂಲಿನ ಕೆಲಸ ಮಾಡಿದ ಹೆಣ್ಣುಮಕ್ಕಳ ಹಾಡು, ಕುಚೋದ್ಯಗಳನ್ನೂ ಜಾನಪದವೆಂದೇ ಅವರು ಪರಿಗಣಿಸಿದರು. ರಾನಿ ಮಂಕ್ ಮತ್ತು ಬಿಲ್ ರಾಲ್ಸ್ಟನ್ 1930ರ ದಶಕದ ಬೆಲ್‌ಫಾಸ್ಟಿನ ಮೌಖಿಕ ಇತಿಹಾಸವನ್ನು 1987ರಲ್ಲಿ ಪ್ರಕಟಿಸಿದರು.

ಈ ಬಗೆಯ ಬರಹವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಅಮೆರಿಕದ ಕೆವಿನ್ ಕರ್ನ್ಸ್ ಪ್ರಮುಖರು. ಡಬ್ಲಿನ್ನಿನ ವಠಾರಗಳ ಕುರಿತ ಅವರ ಪುಸ್ತಕ 1994ರಲ್ಲಿ ಬಂತು. ಸಿರಿವಂತರಿಗೆಂದು ಕಟ್ಟಿದ ದೊಡ್ಡ ಮನೆಗಳಲ್ಲಿ ಕೋಣೆಗೊಂದು ಸಂಸಾರ ತುಂಬಿದ್ದ ಕಾಲದ ನೆನಪುಗಳು ಅದರಲ್ಲಿವೆ. 1911ರ ಜನಗಣತಿಯ ಪ್ರಕಾರ ಹೆನ್ರಿಯೆಟ್ಟಾ ಬೀದಿಯ 14ನೇ ಸಂಖ್ಯೆಯ ಮನೆಯೊಂದರಲ್ಲೇ 100 ಜನರಿದ್ದರು. ಅಂಥ ಮನೆಯಲ್ಲಿ ಸಂಸಾರ ಹೇಗೆ ನಡೆಯುತ್ತಿತ್ತೆಂಬುದನ್ನು ಗಣತಿಯ ಅಂಕಿಗಳು ಹೇಳುವುದಿಲ್ಲ. ಗಂಡನ ಭಾನುವಾರದ ಸೂಟನ್ನು ಸೋಮವಾರ ಗಿರವಿ ಅಂಗಡಿಯಲ್ಲಿಟ್ಟು, ಸಂಬಳ ಬಂದ ಮೇಲೆ ಬಿಡಿಸಿಕೊಂಡು ವಾರ ತೂಗಿಸುತ್ತಿದ್ದ ತಾಯಂದಿರ ಜಾಣ್ಮೆ ತಿಳಿದದ್ದು ಇಂಥ ನೆನಪುಗಳಿಂದ.

ಕ್ರಮೇಣ ಬಡಾವಣೆಗಳವರೇ ಈ ಕೆಲಸಕ್ಕೆ ಕೈಹಚ್ಚಿದರು. ಡಬ್ಲಿನ್ನಿನ ಉತ್ತರ ಒಳನಗರದಲ್ಲಿ ಸ್ಥಳೀಯರದೇ ಜಾನಪದ ಯೋಜನೆ ಬೆಳೆಯಿತು. ಕಾರ್ಕ್ ನಗರದ ಉತ್ತರ ಭಾಗದಲ್ಲಿ 1996ರಲ್ಲಿ ಇನ್ನೊಂದು ಆರಂಭವಾಯಿತು. ವಲಸೆ ಹೋದವರ ಕಥೆಯೂ ಸೇರಿಕೊಂಡಿತು: ಬ್ರಿಟನ್ನಿನಲ್ಲಿ ನೆಲೆಸಿದ ಐರಿಷ್ ಹೆಂಗಸರ ಅನುಭವಗಳ ಸಂಕಲನ 1988ರಲ್ಲಿ ಪ್ರಕಟವಾಗಿತ್ತು.

ನೆನಪು ಕಷ್ಟವನ್ನು ಮರೆಸಿ ಹಳೆಯ ದಿನಗಳನ್ನು ಚೆಂದಗಾಣಿಸಬಲ್ಲದು; ಆದ್ದರಿಂದ ಹೇಳಿಕೆಗಳನ್ನು ದಾಖಲೆಗಳೊಂದಿಗೆ ತಾಳೆ ನೋಡುವುದು ವಾಡಿಕೆ. ಗುಟ್ಟು ಕಾಯುವುದು ಇನ್ನೊಂದು ತೊಡಕು. ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳ ಮಾಜಿ ಸದಸ್ಯರನ್ನು ಬಾಸ್ಟನ್ ಕಾಲೇಜಿನ ಯೋಜನೆಯೊಂದು 2001ರಿಂದ 2006ರವರೆಗೆ ಮಾತನಾಡಿಸಿತ್ತು. ಬದುಕಿರುವವರೆಗೆ ಮಾತು ಹೊರಬೀಳದೆಂಬ ನಂಬಿಕೆಯಲ್ಲಿ ಅವರು ಹೇಳಿದ್ದರು. ಆದರೆ 2011ರಲ್ಲಿ ಆರಂಭವಾದ ಕಾನೂನು ಕ್ರಮದಿಂದ ಕೆಲವು ಧ್ವನಿಮುದ್ರಣಗಳು ಪೊಲೀಸರ ಕೈಸೇರಿದವು. ಕಾನೂನು ಒಪ್ಪದ ಗೋಪ್ಯತೆಯ ಭರವಸೆಯನ್ನು ಸಂಗ್ರಾಹಕರು ಕೊಡಬಾರದೆಂಬ ಎಚ್ಚರ ಇದರಿಂದ ಗಟ್ಟಿಯಾಯಿತು.

2010ರಲ್ಲಿ ಐರ್ಲೆಂಡಿನ ಮೌಖಿಕ ಇತಿಹಾಸ ಜಾಲ ರೂಪುಗೊಂಡು ಈ ಕ್ಷೇತ್ರದವರನ್ನು ಒಂದೆಡೆ ಸೇರಿಸಿತು. ಹೆನ್ರಿಯೆಟ್ಟಾ ಬೀದಿಯ 14ನೇ ಮನೆ 2018ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ವಾಸವಿದ್ದವರ ನೆನಪುಗಳನ್ನು ಅದರ ಪ್ರದರ್ಶನಕ್ಕೆ ಬಳಸಿಕೊಳ್ಳಲಾಗಿದೆ.