ವಿಲನ್ ಅಂದುಕೊಂಡ ಅಣುವೇ ಕಾವಲುಗಾರ: ಟಿಎನ್‌ಎಫ್ ಕಥೆ

1/6
ಗೆಳೆಯರೇ, ಈ ಸಲ ರಾಜರ ಕಥೆ ಅಲ್ಲ, ಒಂದು ಅಣುವಿನ ಕಥೆ. ನಮ್ಮ ರೋಗನಿರೋಧಕ ಕೋಶಗಳು ಒಂದಕ್ಕೊಂದು ಮಾತಾಡೋದು ಸೈಟೋಕೈನ್ ಅನ್ನೋ ಪುಟ್ಟ ಪ್ರೋಟೀನ್‌ಗಳ ಮೂಲಕ. ಒಂಥರಾ ಮೆಸೇಜ್ ಕಳಿಸಿದ ಹಾಗೆ. ಈ ಮೆಸೇಜ್ ಮಿದುಳಿಗೆ ತಲುಪಿದರೆ ನರಕೋಶ ಸಾಯುತ್ತಾ, ಉಳಿಯುತ್ತಾ? ಉತ್ತರ ಸಿಗೋಕೆ ಕಾಲು ಶತಮಾನ ಬೇಕಾಯ್ತು. ನಡುವೆ ರೋಗಿಗಳು ಬೆಲೆ ತೆತ್ತರು.

2/6
1890ರ ದಶಕ, ನ್ಯೂಯಾರ್ಕ್. ವಿಲಿಯಂ ಕೋಲಿ ಅನ್ನೋ ಸರ್ಜನ್ ಕ್ಯಾನ್ಸರ್ ರೋಗಿಗಳಿಗೆ ಬೇಕಂತಲೇ ಬ್ಯಾಕ್ಟೀರಿಯಾ ಚುಚ್ಚುತ್ತಿದ್ದರು! ಸೋಂಕು ತಗುಲಿದ ಕೆಲವರಲ್ಲಿ ಗೆಡ್ಡೆ ಕರಗಿದ್ದು ಅವರ ಗಮನಕ್ಕೆ ಬಂದಿತ್ತು. ಯಾಕೆ ಅಂತ ಆಗ ಗೊತ್ತಿರಲಿಲ್ಲ. 1975ರಲ್ಲಿ ಅದೇ ಊರಲ್ಲಿ ಎಲಿಜಬೆತ್ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಇಲಿಗಳ ರಕ್ತದಲ್ಲಿ ಗೆಡ್ಡೆಯನ್ನು ಕೊಲ್ಲುವ ಒಂದು ವಸ್ತು ಕಂಡರು. ಹೆಸರು: ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಚಿಕ್ಕದಾಗಿ ಟಿಎನ್‌ಎಫ್. ಹೆಸರಲ್ಲೇ ಸಾವು ಇದೆ ನೋಡಿ.

3/6
ಆಮೇಲೆ ಅದರ ಹೆಸರು ಕೆಡುತ್ತಾ ಹೋಯ್ತು. ಸೋಂಕು ವಿಪರೀತಕ್ಕೆ ಹೋದಾಗ ಬರುವ ಶಾಕ್‌ಗೆ ಇದೇ ಕಾರಣ ಅಂತ 1985ರ ಹೊತ್ತಿಗೆ ತಿಳಿಯಿತು. ಇನ್ನು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್. ಕರೆಂಟ್ ವೈರ್ ಮೇಲಿನ ಪ್ಲಾಸ್ಟಿಕ್ ಥರ ನರತಂತುಗಳ ಮೇಲೂ ಮೈಲಿನ್ ಅನ್ನೋ ಹೊದಿಕೆ ಇರುತ್ತೆ. ಎಂಎಸ್‌ನಲ್ಲಿ ದೇಹದ ಸೈನ್ಯವೇ ಅದನ್ನು ಕಿತ್ತುಹಾಕುತ್ತೆ. ಟಿಎನ್‌ಎಫ್ ಸುರಿದರೆ ಮೈಲಿನ್ ಹಾಳಾಗೋದು 1988ರಲ್ಲಿ ಲ್ಯಾಬ್‌ನಲ್ಲಿ ಕಂಡಿತು. ಸರಿ, ಕೇಸ್ ಮುಗೀತು, ಅಪರಾಧಿ ಸಿಕ್ಕ ಅಂತಲೇ ಅನ್ನಿಸುತ್ತೆ ಅಲ್ವಾ?

4/6
ಹಾಗಾದ್ರೆ ಅದನ್ನು ತಡೆದುಬಿಟ್ಟರೆ ಆಯ್ತಲ್ಲ? ಟಿಎನ್‌ಎಫ್ ಹಿಡಿದು ಕಟ್ಟಿಹಾಕುವ ಲೆನರ್‌ಸೆಪ್ಟ್ ಅನ್ನೋ ಔಷಧಿ ತಯಾರಾಯಿತು. ಎಂಎಸ್‌ನಂಥ ಕಾಯಿಲೆ ಬರಿಸಿದ ಪ್ರಾಣಿಗಳಲ್ಲಿ ಈ ಉಪಾಯ ಕೆಲಸ ಮಾಡಿತ್ತು. 168 ರೋಗಿಗಳ ಮೇಲೆ ಟ್ರಯಲ್ ನಡೆಯಿತು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು: ಔಷಧಿ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು, ಅದೂ ಬೇಗ! ಬರೀ ಸಕ್ಕರೆ ಮಾತ್ರೆಯಂಥ ಡಮ್ಮಿ ಮದ್ದು ಪಡೆದವರೇ ಮೇಲಾಗಿದ್ದರು. ಆ 168 ಅನ್ನೋದು ಅಂಕಿ ಅಲ್ಲ. ವಾಸಿಯಾಗುತ್ತೆ ಅನ್ನೋ ನಂಬಿಕೆಯಿಂದ ತೋಳು ಚಾಚಿದ ಜನ.

5/6
ಎಡವಿದ್ದು ಎಲ್ಲಿ? ಸುಳಿವು ಬೇರೆ ಕಡೆ ಸಿಕ್ಕಿತ್ತು. ಅಮೆರಿಕದ ಕೆಂಟಕಿಯಲ್ಲಿ ಮಾರ್ಕ್ ಮ್ಯಾಟ್ಸನ್ ತಂಡ ಟಿಎನ್‌ಎಫ್ ಮೆಸೇಜ್ ಓದಲಾಗದ ಇಲಿಗಳನ್ನು ಪರೀಕ್ಷಿಸಿತು. ಅವಕ್ಕೆ ಸ್ಟ್ರೋಕ್ ಆದಾಗ ನರಕೋಶ ಕಡಿಮೆ ಸಾಯಬೇಕಿತ್ತು. ಸತ್ತದ್ದು ಜಾಸ್ತಿ! ಇದು 1996ರ ವರದಿ. ಗಂಡಾಂತರ ಬಂದಾಗ ಟಿಎನ್‌ಎಫ್ ನರಕೋಶದೊಳಗೆ ರಕ್ಷಣೆಯ ಜೀನ್‌ಗಳನ್ನು ಆನ್ ಮಾಡುತ್ತೆ. ಆಗ ವಿಷಕಾರಿ ಆಕ್ಸಿಜನ್ ಕಣಗಳನ್ನು ಅಡಗಿಸುವ ಕಿಣ್ವ ಹೆಚ್ಚಾಗುತ್ತೆ, ಕ್ಯಾಲ್ಸಿಯಂ ಹತೋಟಿಗೆ ಬರುತ್ತೆ. 2001ರಲ್ಲಿ ಇನ್ನೊಂದು ತುಂಡು ಕೂಡಿತು: ಟಿಎನ್‌ಎಫ್ ಇಲ್ಲದ ಇಲಿಗಳಲ್ಲಿ ಹರಿದ ಮೈಲಿನ್ ಮತ್ತೆ ಬೆಳೆಯೋದು ತಡವಾಯ್ತು.

6/6
ಗುಟ್ಟು ಇರೋದು ಬಾಗಿಲಲ್ಲಿ. ಕೋಶದ ಮೇಲೆ ಟಿಎನ್‌ಎಫ್‌ಗೆ ಎರಡು ರಿಸೆಪ್ಟರ್‌ಗಳಿವೆ. ಒಂದನೇದು ಹೆಚ್ಚಾಗಿ ಉರಿಯೂತ, ಸಾವಿನ ಕಡೆಗೆ ಒಯ್ಯುತ್ತೆ. ಎರಡನೇದು ಹೆಚ್ಚಾಗಿ ರಿಪೇರಿ ಕಡೆಗೆ. ಮೆಸೇಜ್ ಒಂದೇ, ಓದುವವರು ಬೇರೆ. ಲೆನರ್‌ಸೆಪ್ಟ್ ಎರಡೂ ಬಾಗಿಲಿಗೆ ಹೋಗುವ ಮೆಸೇಜನ್ನೇ ತಡೆದುಬಿಟ್ಟಿತ್ತು. ಕಳ್ಳನ ಜೊತೆ ಕಾವಲುಗಾರನನ್ನೂ ಕಟ್ಟಿಹಾಕಿದ ಹಾಗೆ.

ಇವತ್ತು ಟಿಎನ್‌ಎಫ್ ತಡೆಯುವ ಔಷಧಿಗಳು ಸಂಧಿವಾತದ ಎಷ್ಟೋ ರೋಗಿಗಳಿಗೆ ವರ. ಆದರೆ ಎಂಎಸ್ ಇದ್ದವರಿಗೆ ಕೊಡಬಾರದು ಅನ್ನೋ ಎಚ್ಚರಿಕೆ ಜೊತೆಗೇ ಇದೆ. ಆ ಎಚ್ಚರಿಕೆಯ ಹಿಂದೆ ಇರೋದು ಆ ಟ್ರಯಲ್‌ನ ಜನ. ಅವರ ಹೆಸರು ನಮಗೆ ಗೊತ್ತಿಲ್ಲ, ಉಪಕಾರ ಮಾತ್ರ ಇನ್ನೂ ನಡೀತಿದೆ.

ಇಷ್ಟ ಆದ್ರೆ ಬಯಾಲಜಿ ಓದೋ ಫ್ರೆಂಡ್‌ಗೆ ಕಳಿಸಿ. ಡೌಟ್ ಇದ್ರೆ ಕಮೆಂಟ್‌ನಲ್ಲಿ ಕೇಳಿ.

#ವಿಜ್ಞಾನದ_ಇತಿಹಾಸ #ಕನ್ನಡದಲ್ಲಿ_ವಿಜ್ಞಾನ