ಹಾಲಿ ರೂಪಾಯಿಯ ಪರೀಕ್ಷೆ

ಭೂಮಿಯಲ್ಲಿ ದೊರೆತ ಬೆಳ್ಳಿಯ ನಾಣ್ಯವನ್ನು ಕಂಡೊಡನೆ ನಮ್ಮ ಜನ ಮಾಡುವ ಕೆಲಸ ಎರಡೇ: ಅಕ್ಕಸಾಲಿಯ ಮೂಸೆಗೆ ಹಾಕುವುದು, ಇಲ್ಲವೇ ಇನ್ನಷ್ಟು ನಿಧಿಯ ಆಸೆಯಿಂದ ಅಲ್ಲಿಯೇ ಅಗೆಯುವುದು. ಎರಡರಿಂದಲೂ ಇತಿಹಾಸ ನಾಶವಾಗುತ್ತದೆ.

ಮಾನ್ವಿ, ದೇವದುರ್ಗ, ರಾಯಚೂರು ಸೀಮೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ನಿಜಾಮರು ತಮ್ಮದೇ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ 'ಹಾಲಿ' ರೂಪಾಯಿ ಇಲ್ಲಿ ನಡೆಯುತ್ತಿತ್ತು. ಬ್ರಿಟಿಷರ ರೂಪಾಯಿಗೆ 'ಕಲ್ದಾರ್' ಎಂದು ಹೆಸರು. ಆದುದರಿಂದ ಇಲ್ಲಿ ದೊರೆತ ನಾಣ್ಯವನ್ನು ಕಲ್ದಾರಿನ ಅಳತೆಯಿಂದ ಅಳೆಯಲಾಗದು. ಕಲ್ದಾರ್ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಅದರಲ್ಲಿ 1939ರವರೆಗೆ ಬೆಳ್ಳಿ ಶೇಕಡಾ 91.7ರಷ್ಟಿತ್ತು. ಹಾಲಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ಶೇಕಡಾ 81.8. ತಕ್ಕಡಿಯಲ್ಲಿ ಕಡಿಮೆ ತೂಗಿತೆಂದು, ಒರೆಗಲ್ಲಿನಲ್ಲಿ ಬಣ್ಣ ಮಾಸಿತೆಂದು ಖೋಟಾ ಎಂದು ತಳ್ಳಿಹಾಕುವುದು ತರವಲ್ಲ. ಎರಡನೆಯ ಮಹಾಯುದ್ಧದ ಕಾಲದ ಹಾಲಿಯಲ್ಲಿ ಬೆಳ್ಳಿ ಇನ್ನೂ ಕಡಿಮೆ.

ನಾಣ್ಯದ ಮೇಲೆ ಚಾರ್ಮಿನಾರ್ ಇದ್ದರೆ ಅದರ ಬಾಗಿಲೊಳಗಿನ ಅಕ್ಷರವನ್ನು ನೋಡಬೇಕು. 'ಮೀಮ್' ಇದ್ದರೆ 1911ರವರೆಗೆ ಆಳಿದ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು. 'ಐನ್' ಇದ್ದರೆ ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರದು. ವರ್ಷವು ಹಿಜರಿಯಲ್ಲಿರುತ್ತದೆ. 1321 ಎಂದಿದ್ದರೆ ಅದನ್ನು 33ರಿಂದ ಭಾಗಿಸಿ ಬಂದ 40ನ್ನು ಕಳೆದು 622 ಕೂಡಿಸಿದರೆ 1903 ಬರುತ್ತದೆ. ಅಕ್ಷರಕ್ಕೂ ವರ್ಷಕ್ಕೂ ಹೊಂದಿಕೆಯಾಗದಿದ್ದರೆ, ಅಂಚಿನಲ್ಲಿ ಎರಕದ ಗೆರೆ ಕಂಡರೆ, ಅಯಸ್ಕಾಂತಕ್ಕೆ ಅಂಟಿಕೊಂಡರೆ ಸಂಶಯಪಡಬೇಕು. ಹುಣಸೆಹಣ್ಣು, ಬೂದಿಗಳಿಂದ ಉಜ್ಜಿದರೆ ಅಕ್ಷರವೇ ಸವೆದು ಸಾಕ್ಷಿ ಅಳಿಯುವುದು.

ನೆಲದಲ್ಲಿ ಹುದುಗಿದ್ದು ದೊರೆತರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ನಿಧಿ ಶಾಸನದ ವಿಧಿ. ದೊರೆತ ಸ್ಥಳ ತಿಳಿದಿದ್ದರೆ ಮಾತ್ರ ನಾಣ್ಯವು ಪೂರ್ಣ ಸಾಕ್ಷಿ ನುಡಿಯುತ್ತದೆ. ನಿಧಿಗಳ್ಳರು ಪಾಳುಬಿದ್ದ ಬಸದಿಗಳ ಪೀಠವನ್ನು ಕಿತ್ತು, ಬಿಂಬಗಳನ್ನು ಭಗ್ನಗೊಳಿಸುವುದರಿಂದ ಆಗುವ ನಷ್ಟವನ್ನು ಯಾವ ಬೆಳ್ಳಿಯೂ ತುಂಬಲಾರದು.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡದ್ದು ಬಂಡೆಯ ಮೇಲಿನ ಬರಹವನ್ನು. 'ದೇವಾನಾಂಪ್ರಿಯ'ನೇ ಅಶೋಕನೆಂಬುದು ಆ ಕಲ್ಲಿನಿಂದ ಸ್ಥಿರಪಟ್ಟಿತು. ಆತನು ಅದನ್ನು ಒಡೆಯದೆ ತಿಳಿದವರ ಗಮನಕ್ಕೆ ತಂದುದರಿಂದಲೇ ನಮ್ಮ ನಾಡಿಗೆ ಚಿನ್ನಕ್ಕಿಂತ ಮಿಗಿಲಾದ ನಿಧಿ ದಕ್ಕಿತು.