ಗಣೇಶಖಿಂಡದ ಗವರ್ನರನ ಮನೆ

ಹಡಪಸರದಲ್ಲಿ ನೆಲೆಸಿದ ಕನ್ನಡಿಗರಿಗೆ ಸೋಲಾಪುರ ರಸ್ತೆಯೆಂದರೆ ಊರಿನ ದಾರಿ. ಮೂಡಲಿಗೆ ಹೊರಟರೆ ಅದು ಸೋಲಾಪುರವನ್ನು ಮುಟ್ಟಿ, ಅಲ್ಲಿಂದ ವಿಜಯಪುರದ ಹಾದಿ ಹಿಡಿಸುತ್ತದೆ. ಅದೇ ರಸ್ತೆಯಲ್ಲಿ ಪಡುವಲಿಗೆ ತಿರುಗಿ, ದಂಡು ಪ್ರದೇಶವನ್ನು ದಾಟಿ, ಪುಣೆಯ ವಾಯವ್ಯಕ್ಕೆ ಹೋದರೆ ಗಣೇಶಖಿಂಡ. ಖಿಂಡ ಎಂದರೆ ಮರಾಠಿಯಲ್ಲಿ ಗುಡ್ಡಗಳ ನಡುವಣ ಕಂಡಿ. ಅಲ್ಲಿರುವ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವು ಒಂದು ಕಾಲಕ್ಕೆ ಮುಂಬಯಿ ಪ್ರಾಂತದ ಗವರ್ನರನ ಮಳೆಗಾಲದ ನಿವಾಸವಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಗಳೂ, 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡವೂ ಆ ಗವರ್ನರನ ಆಳ್ವಿಕೆಗೆ ಒಳಪಟ್ಟಿದ್ದವು. ಆದುದರಿಂದ ಈ ಮನೆಯ ಕಥೆ ನಮಗೆ ಪರಕೀಯವಲ್ಲ.

ಇದಕ್ಕೆ ಮೊದಲು ಗವರ್ನರರು ಪುಣೆಗೆ ಬಂದಾಗ ದಾಪೋಡಿಯ ಬಂಗಲೆಯಲ್ಲಿ ಇಳಿಯುತ್ತಿದ್ದರು. ಅದು ಸಾಲದೆಂದು ಸರ್ ಬಾರ್ಟಲ್ ಫ್ರಿಯರ್ 1864ರಲ್ಲಿ ಹೊಸ ಮನೆಯ ಕೆಲಸ ಆರಂಭಿಸಿದನು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಮುಂಬಯಿಯಲ್ಲಿ ಹಣ ಹರಿಯುತ್ತಿದ್ದ ದಿನಗಳವು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಮನೆಯ ಕೆಲಸ ಮಾತ್ರ ನಿಲ್ಲಲಿಲ್ಲ. 1871ರಲ್ಲಿ ಅದು ಪೂರ್ಣಗೊಳ್ಳುವ ವೇಳೆಗೆ ಫ್ರಿಯರ್ ಅಧಿಕಾರದಿಂದ ಇಳಿದು ನಾಲ್ಕು ವರ್ಷಗಳಾಗಿದ್ದವು. ದುಂದುವೆಚ್ಚದ ಆಕ್ಷೇಪವು ಇಂಗ್ಲೆಂಡಿನವರೆಗೂ ಹೋಯಿತು.

ವಾಸ್ತುಶಿಲ್ಪಿ ಜೇಮ್ಸ್ ಟ್ರುಬ್ಶಾ ಕಟ್ಟಿದ್ದು ಇಟಲಿಯ ಶೈಲಿಯಲ್ಲಿ. ರಾಣಿ ವಿಕ್ಟೋರಿಯಾಳ ಆಸ್ಬರ್ನ್ ಮನೆಯಿಂದಾಗಿ ಆಗಿನ ಇಂಗ್ಲೆಂಡಿನಲ್ಲಿ ಅಂಥ ಗೋಪುರಗಳಿಗೆ ಮನ್ನಣೆಯಿತ್ತು. ರೂಪ ಇಟಲಿಯದು, ಅಭಿರುಚಿ ಇಂಗ್ಲೆಂಡಿನದು, ಕಲ್ಲು ಮಾತ್ರ ದಖ್ಖನ್ನಿನ ಕರಿಗಲ್ಲು. ಮನೆಯ ವಿನ್ಯಾಸವೂ ಆಳ್ವಿಕೆಯ ಕ್ರಮಕ್ಕೆ ಹೊಂದಿಕೊಂಡಿತ್ತು. ಒಂದು ಪಾರ್ಶ್ವದಲ್ಲಿ ಔತಣ, ನೃತ್ಯಗಳ ದೊಡ್ಡ ಅಂಗಣಗಳು. ಇನ್ನೊಂದರಲ್ಲಿ ವಾಸದ ಕೋಣೆಗಳು. ದೂರದಿಂದಲೇ ಕಾಣುವಂತೆ ಎತ್ತರದ ಗೋಪುರ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಗೋಡೆಗಳೇ ತೀರ್ಮಾನಿಸುತ್ತಿದ್ದವು.

1897ರ ಜೂನ್ 22ರ ರಾತ್ರಿ ಇಲ್ಲಿ ವಿಕ್ಟೋರಿಯಾಳ ಆಳ್ವಿಕೆಯ ಅರುವತ್ತನೆಯ ವರ್ಷದ ಸಂಭ್ರಮ ನಡೆಯಿತು. ಪ್ಲೇಗಿನ ಹೆಸರಿನಲ್ಲಿ ಮನೆಮನೆ ಹೊಕ್ಕು ಶೋಧಿಸಿದ ಕ್ರಮದಿಂದ ಪುಣೆ ಆಗ ಕುದಿಯುತ್ತಿತ್ತು. ಆ ಕಾರ್ಯದ ಮುಖ್ಯಸ್ಥ ರ‍್ಯಾಂಡ್ ಔತಣದಿಂದ ಮರಳುವಾಗ ಚಾಪೇಕರ ಸೋದರರ ಗುಂಡಿಗೆ ಗುರಿಯಾದನು. ಜನರ ಮನೆಗಳ ಹೊಸ್ತಿಲನ್ನು ಲೆಕ್ಕಿಸದ ಸರ್ಕಾರ ತನ್ನ ಹೊಸ್ತಿಲನ್ನು ಎಷ್ಟು ಎತ್ತರಕ್ಕೆ ಕಟ್ಟಿಕೊಂಡಿತ್ತು ಎಂಬುದನ್ನು ಆ ರಾತ್ರಿ ತೋರಿಸಿತು.

1949ರಲ್ಲಿ ಪುಣೆ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಈ ನಿವೇಶನವೂ ಮನೆಯೂ ಅದಕ್ಕೆ ದೊರೆತವು. ಮೊದಲ ಕುಲಪತಿ ಎಂ. ಆರ್. ಜಯಕರ್. ವಾಸದ ಮನೆ ಕಚೇರಿಯಾಯಿತು. ಗವರ್ನರನ ಕೂಟಗಳು ನಡೆಯುತ್ತಿದ್ದ ಮನೆಯೊಳಗೆ ಸಂತ ಜ್ಞಾನೇಶ್ವರರ ಹೆಸರಿನ ಸಭಾಗೃಹ ಬಂತು. 2014ರಲ್ಲಿ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರಿಟ್ಟರು. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟು ಬೀದಿಯಲ್ಲಿ ಅವಮಾನ ಸಹಿಸಿದ ತಾಯಿಯ ಹೆಸರು ಅದು.

ಇತ್ತೀಚೆಗೆ ಕಟ್ಟಡದ ಜೀರ್ಣೋದ್ಧಾರವೂ ನಡೆದಿದೆ. ಇಂಥ ಕೆಲಸದಲ್ಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಯಾವ ಕಾಲದ ರೂಪಕ್ಕೆ ಮರಳಿಸಬೇಕು? 1871ರ ರೂಪವೊಂದೇ ಶುದ್ಧ, ಮಿಕ್ಕದ್ದೆಲ್ಲ ಕೆಡಿಸಿದ್ದು ಎನ್ನುವವರಿದ್ದಾರೆ. ಪರರ ಆಡಂಬರಕ್ಕೆ ನಮ್ಮ ಹಣವೇಕೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಕಲ್ಲನ್ನು ಕಡಿದು ಎತ್ತಿದವರು ಇಲ್ಲಿಯ ಕೂಲಿಗಳೇ. ವೆಚ್ಚವೂ ಇಲ್ಲಿಯ ಕಂದಾಯದಿಂದಲೇ ಬಂದದ್ದು. ಆದ್ದರಿಂದ ಮನೆ ನಮ್ಮದೇ. ಇನ್ನು ಬದಲಾವಣೆಗಳು: ಸೂರನ್ನು ಸೋರಿಸುವ, ಕಮಾನನ್ನು ಮುಚ್ಚುವ ಮಾರ್ಪಾಡನ್ನು ತೆಗೆಯುವುದು ಸರಿ. ಆದರೆ ಗವರ್ನರನ ಮನೆ ವಿದ್ಯಾರ್ಥಿಗಳ ಮನೆಯಾದ ಗುರುತನ್ನು ಅಳಿಸಬಾರದು. ಈ ಕಟ್ಟಡಕ್ಕೆ ಆದ ಮಾರ್ಪಾಡುಗಳಲ್ಲಿ ಅದೇ ದೊಡ್ಡದು.